ಮರದ ಮೇಲಿನ ಡಬ್ಬಿಗಳಿಗೊಂದು ಭಾಷೆ

ದೊಡ್ಡ ಕಂಪನಿಯ ಕೆಲಸ ಬಿಟ್ಟು ಮಲ್ಲೇಶ್ವರಂನಲ್ಲಿ ಒಂದು ಗ್ರಂಥಿಗೆ ಅಂಗಡಿಯ ಮೇಲಿನ ಮಹಡಿಗೆ ಕೆಲಸಕ್ಕೆ ಹೋಗ್ತೀನಿ ಅಂದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಊದುಬತ್ತಿ ಪ್ಯಾಕ್ ಮಾಡೋದಾ?"

ಅವರನ್ನು ದೂರುವ ಹಾಗಿರಲಿಲ್ಲ. ನಮ್ಮದು ಚಾಮರಾಜಪೇಟೆಯ ತರಕಾರಿ ವ್ಯಾಪಾರದ ಮನೆ. ಕೆಲಸ ಅಂದರೆ ಕಣ್ಣಿಗೆ ಕಾಣುವ ಸರಕು ಇರಬೇಕು, ಮೂಟೆ ಇಳಿಯಬೇಕು, ಮೂಟೆ ಹೋಗಬೇಕು. ನಾನು ಇಂಜಿನಿಯರಿಂಗ್ ಓದಿ, ಊರಾಚೆಯ ಗಾಜಿನ ಕಟ್ಟಡವೊಂದರಲ್ಲಿ ಕೂತು, ಕಾರುಗಳೊಳಗೆ ಅಡಗಿರುವ ಪುಟ್ಟ ಕಂಪ್ಯೂಟರುಗಳಿಗೆ ಪ್ರೋಗ್ರಾಂ ಬರೆಯುತ್ತಿದ್ದದ್ದೇ ಅಪ್ಪನಿಗೆ ಅರ್ಥವಾಗಿರಲಿಲ್ಲ. ಈಗ ಅದನ್ನೂ ಬಿಟ್ಟು, ಕರ್ಪೂರ, ಸಾಂಬ್ರಾಣಿ, ದರ್ಭೆ ಮಾರುವ ಅಂಗಡಿಯ ಪಕ್ಕದ ಇಕ್ಕಟ್ಟಿನ ಮೆಟ್ಟಿಲು ಹತ್ತಿ, ಕಾಲೇಜಿನಿಂದ ನಿವೃತ್ತರಾದ ಹೆಂಗಸೊಬ್ಬರ ಹತ್ತಿರ ಕೆಲಸ ಮಾಡ್ತೀನಿ ಅಂದರೆ ಯಾವ ತಂದೆ ತಾನೇ ಒಪ್ಪುತ್ತಾನೆ?

ಆ ಹೆಂಗಸನ್ನು ಎಲ್ಲರೂ ಮೇಡಂ ಅನ್ನುತ್ತಿದ್ದರು. ವಯಸ್ಸು ಅರವತ್ತರ ಆಸುಪಾಸು. ಕೈಮಗ್ಗದ ಸೀರೆ, ಅದರ ಕೆಳಗೆ ಓಟದವರು ಹಾಕಿಕೊಳ್ಳುವ ಥರದ ಶೂ. ಕಾಫಿ ಕುಡಿಯುತ್ತಿರಲಿಲ್ಲ, ಸ್ಟೀಲ್ ಚೊಂಬಿನಲ್ಲಿ ಬಾರ್ಲಿ ನೀರು ತರುತ್ತಿದ್ದರು. ಕಾಲೇಜಿನಲ್ಲಿ ಬಹುಕಾಲ ಅವರು ಕಲಿಸಿದ್ದು ಕಂಪೈಲರ್ ಎಂಬ ವಿಷಯ. ಅಂದರೆ ಮನುಷ್ಯ ಬರೆದ ಪ್ರೋಗ್ರಾಮನ್ನು ಓದಿ, ತಪ್ಪಿದ್ದರೆ ತೋರಿಸಿ, ಸರಿಯಿದ್ದರೆ ಯಂತ್ರಕ್ಕೆ ತಿಳಿಯುವ ಹಾಗೆ ತಿರುಗಿಸಿ ಕೊಡುವ ತಂತ್ರಾಂಶವನ್ನು ಕಟ್ಟುವ ವಿದ್ಯೆ. ನಿವೃತ್ತಿಯ ನಂತರ ಅವರು ತಮ್ಮದೇ ಒಂದು ಭಾಷೆ ಕಟ್ಟಿದ್ದರು. ಬ್ಯಾಟರಿಯ ಮೇಲೆ ಬದುಕುವ, ಒಂದರ ಜೊತೆ ಒಂದು ರೇಡಿಯೊದಲ್ಲಿ ಮಾತಾಡುವ, ತೀರ ಸಣ್ಣ ಯಂತ್ರಗಳಿಗೆ ಮಾತ್ರ ಆಗಿಬರುವ ಭಾಷೆ.

ಆ ಯಂತ್ರಗಳು ಇದ್ದದ್ದು ಮರಗಳ ಮೇಲೆ.

ಬೆಂಗಳೂರಿನಲ್ಲಿ ಮೇ ತಿಂಗಳ ಮಳೆ ಅಂದರೆ ಮರ ಬೀಳುವ ಕಾಲ ಅಂತಲೂ ಅರ್ಥ. ಮಲ್ಲೇಶ್ವರಂನ ಕ್ರಾಸುಗಳಲ್ಲಿ ತಾತಂದಿರ ಕಾಲದ ಮಳೆಮರಗಳಿವೆ, ಹೊಂಗೆಗಳಿವೆ, ಗುಲ್‌ಮೊಹರುಗಳಿವೆ. ಅಲ್ಲಿನ ನಿವಾಸಿಗಳ ಸಂಘದವರು ಒಂದು ದಿನ ಮೇಡಂ ಹತ್ತಿರ ಬಂದು, ಯಾವ ಮರ ವಾಲ್ತಾ ಇದೆ ಅಂತ ಮೊದಲೇ ತಿಳಿಯೋ ಥರ ಏನಾದ್ರೂ ಮಾಡಕ್ಕಾಗುತ್ತಾ ಅಂತ ಕೇಳಿದ್ದರಂತೆ. ಅದಕ್ಕೆ ಮೇಡಂ ಮಾಡಿದ ಡಬ್ಬಿ ಸೋಪಿನ ಪೆಟ್ಟಿಗೆಯಷ್ಟು ದೊಡ್ಡದು. ಮೊದಮೊದಲು ಬಳೇಪೇಟೆಯಲ್ಲಿ ಸಗಟಾಗಿ ಸಿಗುವ ಬಳೆಯ ಪ್ಲಾಸ್ಟಿಕ್ ಡಬ್ಬಿಗಳಲ್ಲೇ ಮಾಡಿ ನೋಡಿದ್ದರು. ಬಿಸಿಲಿಗೆ ಅವು ಹಪ್ಪಳದ ಹಾಗೆ ಸೊಟ್ಟಗಾದವು. ಆಮೇಲೆ ಗಟ್ಟಿಯಾದ ಡಬ್ಬಿ ಬಂತು. ಅದರೊಳಗೆ ಮರ ಎಷ್ಟು ಓರೆಯಾಗಿದೆ ಎಂದು ಅಳೆಯುವ ಒಂದು ಸೆನ್ಸರು, ಒಂದು ಪುಟ್ಟ ಕಂಪ್ಯೂಟರ್, ಒಂದು ರೇಡಿಯೊ, ಒಂದು ಬ್ಯಾಟರಿ, ಅಷ್ಟೆ. ಮರದಿಂದ ಮರಕ್ಕೆ ಸುದ್ದಿ ದಾಟುತ್ತಾ ದಾಟುತ್ತಾ ಕೊನೆಗೆ ನಮ್ಮ ಮಹಡಿಯ ಮೇಲಿನ ಆಂಟೆನಾಕ್ಕೆ ಬರುತ್ತಿತ್ತು.

"ಇದರ ಮೆಮೊರಿ ಎಷ್ಟು ಗೊತ್ತಾ?" ಅಂತ ಮೊದಲ ದಿನ ಮೇಡಂ ಕೇಳಿದರು. "ನಿನ್ನ ಫೋನಲ್ಲಿರೋ ಒಂದು ಫೋಟೊ ಇದರಲ್ಲಿ ಹಿಡಿಸಲ್ಲ. ಆದ್ರೂ ಇದು ಬೇರೆಯವರ ಜೊತೆ ಮಾತಾಡಬೇಕು, ವರ್ಷಗಟ್ಟಲೆ ಬದುಕಬೇಕು. ಹೇಗೆ ಬದುಕುತ್ತೆ ಹೇಳು?"

"ನಿದ್ದೆ ಮಾಡಿ," ಅಂದೆ. ಅಷ್ಟು ನನಗೆ ಗೊತ್ತಿತ್ತು. ಇಂಥ ಯಂತ್ರಗಳು ಹೆಚ್ಚುಪಾಲು ಹೊತ್ತು ನಿದ್ದೆಯಲ್ಲೇ ಇರುತ್ತವೆ. ಕ್ಷಣಕಾಲ ಎದ್ದು, ಅಳೆದು, ಹೇಳಿ, ಮತ್ತೆ ಮಲಗುತ್ತವೆ.

"ಸರಿ. ಯಾವುದಕ್ಕೆ ಜಾಸ್ತಿ ಖರ್ಚು? ಮಾತಾಡೋದಕ್ಕೋ, ಕೇಳಿಸ್ಕೊಳ್ಳೋದಕ್ಕೋ?"

"ಮಾತಾಡೋದಕ್ಕೆ."

"ಎಲ್ಲರೂ ಹಾಗೇ ಅನ್ಕೋತಾರೆ," ಅಂದು ಅವರು ನಕ್ಕರು. "ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಮಾತು ಬೇಗ ಮುಗಿಯುತ್ತೆ. ಕಿವಿ ತೆರ್ಕೊಂಡು ಕೂತ್ರೆ ಮುಗಿಯೋದೇ ಇಲ್ಲ. ಈ ಡಬ್ಬಿಗಳು ಸಾಯೋದು ಮಾತಾಡಿ ಅಲ್ಲ, ಯಾರೋ ಮಾತಾಡ್ತಾರೆ ಅಂತ ಕಾದು ಕಾದು."

ಆಮೇಲೆ ತಮ್ಮ ಭಾಷೆಯನ್ನು ತೋರಿಸಿದರು.

ನನಗೆ ಗೊತ್ತಿದ್ದದ್ದು ಸಿ ಭಾಷೆ. ಸಣ್ಣ ಯಂತ್ರಗಳ ಲೋಕದಲ್ಲಿ ಅದೇ ರಾಜ, ಅದೇ ಪ್ರಜೆ. ಅದಕ್ಕೆ ಏನು ಹೇಳಿದರೂ ಒಪ್ಪುತ್ತದೆ. ರೇಡಿಯೊ ಹಚ್ಚಿ ಮರೆತರೆ ಸರಿ ಅನ್ನುತ್ತದೆ. ಬಾರದ ಉತ್ತರಕ್ಕೆ ಯುಗಯುಗ ಕಾಯಿ ಅಂದರೂ ಸರಿ ಅನ್ನುತ್ತದೆ. ಮೇಡಂ ಭಾಷೆ ಅದಕ್ಕೆ ತದ್ವಿರುದ್ಧ. ಅಲ್ಲಿ ಯಾವುದನ್ನೇ ಹಚ್ಚಿದರೂ ಅದನ್ನು ಆರಿಸುವುದು ಎಲ್ಲಿ ಎಂದು ಬರೆಯಲೇಬೇಕು. ಯಾವುದಕ್ಕೇ ಕಾದರೂ ಎಷ್ಟು ಹೊತ್ತು ಎಂದು ಹೇಳಲೇಬೇಕು. ಎಲ್ಲ ಬರೆದ ಮೇಲೆ ಕಂಪೈಲರು ಕೂತು, ಈ ಪ್ರೋಗ್ರಾಂ ಅತಿ ಕೆಟ್ಟ ದಿನದಲ್ಲಿ ಎಷ್ಟು ವಿದ್ಯುತ್ ತಿನ್ನಬಹುದು ಎಂದು ಲೆಕ್ಕ ಹಾಕುತ್ತದೆ. ಲೆಕ್ಕ ಮೀರಿದರೆ ಪ್ರೋಗ್ರಾಮನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ.

ಬಿಟ್ಟುಕೊಳ್ಳದಿದ್ದಾಗ ಅದು ಹೇಳುವ ಮಾತುಗಳನ್ನು ಮೇಡಂ ಕನ್ನಡದಲ್ಲಿ ಬರೆದಿದ್ದರು. ಅವನ್ನು ಮೊದಲು ನೋಡಿದಾಗ ನಾನು ಜೋರಾಗಿ ನಕ್ಕುಬಿಟ್ಟೆ. ರೇಡಿಯೊ ಹಚ್ಚಿ ಹಾಗೇ ಬಿಟ್ಟರೆ, "ರೇಡಿಯೊ ಶಾಂತ ಮಾಡೋರು ಯಾರು?" ಅನ್ನುತ್ತಿತ್ತು. ನಮ್ಮ ಮನೆಗಳಲ್ಲಿ ದೇವರ ದೀಪ ಆರಿಸು ಅನ್ನುವುದಿಲ್ಲವಲ್ಲ, ದೀಪ ಶಾಂತ ಮಾಡು ಅನ್ನುತ್ತೇವಲ್ಲ, ಹಾಗೆ. ಗಡುವಿಲ್ಲದೆ ಕಾದರೆ, "ಇಲ್ಲಿ ಕಾಯ್ತಾ ಇದೀರಿ. ಬರದೇ ಹೋದ್ರೆ?" ಅಂತ ಕೇಳುತ್ತಿತ್ತು. ಖರ್ಚು ಮೀರಿದರೆ, "ಈ ಲೆಕ್ಕದಲ್ಲಿ ಬ್ಯಾಟರಿ ಮುಂದಿನ ಯುಗಾದಿ ನೋಡಲ್ಲ."

"ಮೇಡಂ, ಬಹುವಚನ ಬೇರೆ ಕೊಡುತ್ತಲ್ಲ ಇದು?"

"ಬೈಯೋದಾದ್ರೂ ಮರ್ಯಾದೆಯಿಂದ ಬೈಬೇಕು," ಅಂದರು. "ಇಂಗ್ಲಿಷಲ್ಲಿ ಬೈಸ್ಕೊಂಡ ಮಕ್ಕಳು ಓದೋದೇ ಇಲ್ಲ, ಕೆಂಪು ಅಕ್ಷರ ಕಂಡ್ರೆ ಸಾಕು, ಏನೋ ಒಂದು ಬದಲಾಯಿಸಿ ಮತ್ತೆ ಒತ್ತುತಾರೆ. ಪ್ರಶ್ನೆ ಕೇಳಿದ್ರೆ ಒಂದು ನಿಮಿಷ ನಿಲ್ತಾರೆ."

ಈ ಭಾಷೆ ಯಾಕೆ ಕಟ್ಟಿದಿರಿ ಅಂತ ಒಮ್ಮೆ ಕೇಳಿದ್ದೆ. ದೊಡ್ಡ ಉತ್ತರವೇನೂ ಬರಲಿಲ್ಲ. "ವಿದ್ಯಾರ್ಥಿಗಳು ಬರೆದ ಪ್ರೋಗ್ರಾಂ ತಿದ್ದೀ ತಿದ್ದೀ ಸಾಕಾಗಿತ್ತು. ಎಲ್ಲವೂ ಬಸ್‌ ಸ್ಟಾಪಲ್ಲಿ ನಿಂತಿರೋರ ಥರ. ಬಸ್ ಬಂದೇ ಬರುತ್ತೆ ಅನ್ನೋ ನಂಬಿಕೆ. ಆ ನಂಬಿಕೇನ ತಿದ್ದೋ ಕೆಲಸ ನನ್ನ ಬದಲು ಕಂಪೈಲರೇ ಮಾಡ್ಲಿ ಅಂತ."

ನಿಜ ಹೇಳಬೇಕೆಂದರೆ, ಮೊದಲ ಕೆಲವು ತಿಂಗಳು ನನಗೆ ಆ ಭಾಷೆ ಇಷ್ಟವಾಗಲಿಲ್ಲ. ಮೇಡಂ ಇಷ್ಟವಾದರು. ಬೇರೆಯವರು ಬರೆದ ಪ್ರೋಗ್ರಾಮನ್ನು ಅವರು ಪೇಪರ್ ಓದುವ ಹಾಗೆ ಗಟ್ಟಿಯಾಗಿ ಓದುತ್ತಿದ್ದರು. ಒಳ್ಳೆಯ ಸಾಲು ಬಂದರೆ, "ಆಹಾ, ನೋಡು, ಎಷ್ಟು ಸೊಗಸಾಗಿದೆ," ಅಂತ ಕುರ್ಚಿಯಿಂದಲೇ ಕೂಗುತ್ತಿದ್ದರು. ಕೆಳಗೆ ಅಂಗಡಿಯಲ್ಲಿ ಅರಿಶಿನ ಕೊಳ್ಳಲು ಬಂದವರು ತಲೆ ಎತ್ತಿ ನೋಡುವಷ್ಟು ಜೋರಾಗಿ. ಅಂಥವರ ಜೊತೆ ಕೆಲಸ ಮಾಡುವುದು ನನಗೆ ಹೊಸದು. ಆದರೆ ಭಾಷೆ ಮಾತ್ರ ನನ್ನ ಕೈ ಕಟ್ಟಿಹಾಕುತ್ತಿದೆ ಅನ್ನಿಸುತ್ತಿತ್ತು. ಸಿ ಭಾಷೆಯಲ್ಲಿ ಅರ್ಧ ಗಂಟೆಯ ಕೆಲಸ ಇಲ್ಲಿ ಅರ್ಧ ದಿನ ಹಿಡಿಯುತ್ತಿತ್ತು.

ಅದೇ ಸಮಯಕ್ಕೆ ಒಬ್ಬರು ಬಂದರು. ದೊಡ್ಡ ದೊಡ್ಡ ಬಡಾವಣೆಗಳಲ್ಲಿ ಮರಗಳ ಉಸ್ತುವಾರಿ ನೋಡಿಕೊಳ್ಳುವ ಸಂಸ್ಥೆಯವರು. ನಮ್ಮ ಡಬ್ಬಿಗಳನ್ನು ಕೈಯಲ್ಲಿ ತಿರುಗಿಸಿ ನೋಡಿ ಮೆಚ್ಚಿದರು. ಭಾಷೆಯ ವಿಷಯ ಬಂದಾಗ ಮಾತ್ರ ಮುಖ ಸಣ್ಣಗಾಯಿತು.

"ಮೇಡಂ, ತಪ್ಪು ತಿಳ್ಕೋಬೇಡಿ. ಈ ಭಾಷೆ ಗೊತ್ತಿರೋರು ಈ ಊರಲ್ಲಿ ಎಷ್ಟು ಜನ?"

"ಈ ರೂಮಲ್ಲಿ ಇಬ್ರು," ಅಂದರು ಮೇಡಂ.

"ನಾಳೆ ನೀವಿಬ್ರೂ ಇಲ್ಲ ಅಂದ್ರೆ ನಾವೇನ್ ಮಾಡೋಣ? ಎಲ್ಲರಿಗೂ ಗೊತ್ತಿರೋ ಭಾಷೇಲಿ ಬರ್ದುಕೊಡಿ. ಸಿ ಆಗಲಿ, ಪೈಥಾನ್ ಆಗಲಿ. ನಾವು ನಾಳೇನೇ ಶುರು ಮಾಡೋಣ."

ಅವರು ಮೆಟ್ಟಿಲಿಳಿದು ಹೋದರು. ನಾನು ಕೇಳಿಯೇಬಿಟ್ಟೆ. "ಅವರು ಹೇಳಿದ್ದು ತಪ್ಪಾ ಮೇಡಂ?"

"ಇಲ್ಲ," ಅಂದರು. "ಸರಿಯಾದ ಪ್ರಶ್ನೇನೇ. ಬರದೇ ಹೋದ್ರೆ ಅಂತ ನನ್ನನ್ನೇ ಕೇಳಿದ್ರು." ನಗಲಿಲ್ಲ. ಒಂದು ಗುಟುಕು ಬಾರ್ಲಿ ನೀರು ಕುಡಿದು ಮತ್ತೆ ಕೆಲಸಕ್ಕೆ ಕೂತರು. ನನಗೆ ಒಳಗೊಳಗೇ ಅವರು ಒಪ್ಪಿಕೊಂಡುಬಿಟ್ಟರೆ ಚೆನ್ನಾಗಿತ್ತು ಅನ್ನಿಸಿತು.

ಆ ಬೇಸಿಗೆಯಲ್ಲಿ ನಮ್ಮ ಕ್ರಾಸಿನಿಂದ ಸ್ವಲ್ಪ ಆಚೆ ಫುಟ್‌ಪಾತಿನ ಕೆಲಸ ಶುರುವಾಯಿತು. ಹಳೆಯ ಕಲ್ಲು ಕಿತ್ತು, ಕಾಲುವೆ ತೋಡಿ, ಹೊಸ ಕಾಂಕ್ರೀಟು ಹಾಕುವುದು. ಆ ರಸ್ತೆಯಲ್ಲಿ ಒಂದು ಭಾರಿ ಮಳೆಮರ ಇತ್ತು. ಅದರ ಕೆಳಗೆ ಒಬ್ಬ ಹೆಂಗಸು ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದರು, ಪಕ್ಕದಲ್ಲೇ ಆಟೊಗಳು ನಿಲ್ಲುತ್ತಿದ್ದವು. ಮೇಡಂ ಬೆಳಗಿನ ವಾಕಿಂಗಿಗೆ ಹೋದವರು ನೇರ ಆಫೀಸಿಗೆ ಬಂದರು. ಮುಖ ಕೆಂಪಾಗಿತ್ತು.

"ಆ ಮರದ ಬೇರು ಕಡಿದುಬಿಟ್ಟಿದಾರೆ. ಒಂದು ಕಡೆಯಿಂದ ಪೂರ್ತಿ. ಜೆಸಿಬಿ ಹಲ್ಲಿನ ಗುರುತು ಹಾಗೇ ಇದೆ."

ನಾವು ಇಬ್ಬರೂ ಹೋಗಿ ನೋಡಿದೆವು. ತೊಡೆ ಗಾತ್ರದ ಬೇರುಗಳು ತುಂಡಾಗಿ, ಹಸಿ ಹಳದಿ ಬಣ್ಣ ತೋರಿಸುತ್ತಾ ಹಳ್ಳದ ಗೋಡೆಯಿಂದ ಹೊರಗೆ ಚಾಚಿಕೊಂಡಿದ್ದವು. ಮರ ಮಾತ್ರ ಏನೂ ಆಗದವರ ಹಾಗೆ ನಿಂತಿತ್ತು. ಮೇಡಂ ದೂರು ಕೊಟ್ಟರು, ಸಂಘದವರಿಂದಲೂ ಕೊಡಿಸಿದರು. ನೋಡ್ತೀವಿ ಅಂತ ಉತ್ತರ ಬಂತು. ಎರಡು ದಿನಕ್ಕೆ ಹಳ್ಳ ಮುಚ್ಚಿ ಮೇಲೆ ಕಾಂಕ್ರೀಟು ಎಳೆದರು. ಈಗ ಯಾರ ಕಣ್ಣಿಗೂ ಏನೂ ಕಾಣುವ ಹಾಗಿರಲಿಲ್ಲ.

ಆ ಮರದ ಮೇಲೂ ನಮ್ಮ ಡಬ್ಬಿಯಿತ್ತು. ಆದರೆ ಡಬ್ಬಿಗಳು ದಿನಕ್ಕೊಂದೇ ಸಲ ಅಳೆದು ಹೇಳುವ ಹಾಗೆ ಇದ್ದವು. ನಿಧಾನವಾಗಿ ವಾಲುವ ಮರಕ್ಕೆ ಅದು ಸಾಕು. ಬೇರು ಕಡಿದ ಮರಕ್ಕೆ, ಅದೂ ಮಳೆ ಹತ್ತಿರ ಬಂದಾಗ, ಸಾಲದು.

"ಹೊಸ ಪ್ರೋಗ್ರಾಂ ಬರಿ," ಅಂದರು ಮೇಡಂ. "ಗಾಳಿ ಬಂದಾಗ ಪದೇ ಪದೇ ಅಳೀಬೇಕು, ತಕ್ಷಣ ಹೇಳಬೇಕು. ಬರೆದು ಎಲ್ಲ ಮರಕ್ಕೂ ಕಳಿಸೋಣ."

ಕಳಿಸುವುದು ಅಂದರೆ ಗಾಳಿಯಲ್ಲೇ, ರೇಡಿಯೊ ಮೂಲಕ. ಮರದಿಂದ ಮರಕ್ಕೆ ಹೊಸ ಪ್ರೋಗ್ರಾಂ ದಾಟಿಕೊಂಡು ಹೋಗಿ ಹಳೆಯದರ ಜಾಗದಲ್ಲಿ ಕೂರುತ್ತದೆ. ಅದರಲ್ಲಿ ಒಂದು ತಪ್ಪು ಹೋದರೆ ಎಲ್ಲ ಡಬ್ಬಿಗಳೂ ಒಟ್ಟಿಗೇ ಹಾಳು. ಆಮೇಲೆ ಪ್ರತಿ ಮರಕ್ಕೂ ಏಣಿ.

ನಾನು ಬರೆಯಲು ಕೂತದ್ದು ಒಂದು ಮಧ್ಯಾಹ್ನ. ಸೆಕೆಗೆ ಕುರ್ಚಿಗೆ ಬೆನ್ನು ಅಂಟುತ್ತಿತ್ತು. ಯಶವಂತಪುರದ ಕಡೆ ಆಕಾಶ ಕಪ್ಪಾಗತೊಡಗಿತ್ತು. ನನ್ನ ಯೋಚನೆ ಸರಳವಾಗಿತ್ತು. ಮರ ಅಲ್ಲಾಡಿದ ಕೂಡಲೇ ಡಬ್ಬಿ ಎಚ್ಚರವಾಗಬೇಕು, ಅಳೆಯಬೇಕು, ಪಕ್ಕದ ಮರಕ್ಕೆ ಹೇಳಬೇಕು, ಅದು ಸರಿ ಅನ್ನುವವರೆಗೆ ಕಾಯಬೇಕು. ಬರೆದು ಒತ್ತಿದೆ.

"ಇಲ್ಲಿ ಕಾಯ್ತಾ ಇದೀರಿ. ಬರದೇ ಹೋದ್ರೆ?"

ಗಡುವು ಹಾಕಿದೆ. ಅಷ್ಟರೊಳಗೆ ಉತ್ತರ ಬರದಿದ್ದರೆ ಮತ್ತೆ ಹೇಳು, ಮತ್ತೆ ಮತ್ತೆ ಹೇಳು ಅಂತ ಬರೆದೆ.

"ಈ ಲೆಕ್ಕದಲ್ಲಿ ಬ್ಯಾಟರಿ ಮುಂದಿನ ಯುಗಾದಿ ನೋಡಲ್ಲ."

ಕೆಲವು ಸಲ ಹೇಳಿ ಬಿಟ್ಟುಬಿಡು ಅಂದೆ. ಆಗಲೂ ಅದೇ ಉತ್ತರ. ಯುಗಾದಿಯೇ ಇಲ್ಲ. ನನ್ನ ಸಹನೆ ಕೆಟ್ಟಿತು.

"ಮೇಡಂ, ಮಳೆ ಇವತ್ತೇ ಬರುತ್ತೆ. ಯುಗಾದಿ ಕಟ್ಕೊಂಡು ಏನ್ ಮಾಡೋಣ? ಸಿ ಭಾಷೇಲಿ ಅರ್ಧ ಗಂಟೇಲಿ ಬರ್ದು ಕೊಡ್ತೀನಿ."

"ಬರಿ," ಅಂದರು. ಕೋಪದಿಂದಲ್ಲ. "ಬರೆಯೋದಕ್ಕೆ ಮುಂಚೆ ಒಂದು ಹೇಳು. ಅದು ಯಾಕೆ ಒಪ್ತಾ ಇಲ್ಲ?"

"ಜಾಸ್ತಿ ಖರ್ಚು ಅಂತ."

"ಯಾಕೆ ಜಾಸ್ತಿ?"

ನಾನು ತೆರೆಯ ಮೇಲಿನ ವಿವರ ಓದಿದೆ. ಅತಿ ಕೆಟ್ಟ ದಿನ ಅಂದರೆ ಏನು ಎಂದು ಕಂಪೈಲರು ವಿಂಗಡಿಸಿ ತೋರಿಸಿತ್ತು. ಎಲ್ಲ ಡಬ್ಬಿಗಳೂ ಒಟ್ಟಿಗೇ ಎದ್ದಿವೆ. ಎಲ್ಲವೂ ಒಟ್ಟಿಗೇ ಮಾತಾಡುತ್ತಿವೆ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿಲ್ಲ, ಆದ್ದರಿಂದ ಎಲ್ಲವೂ ಮತ್ತೆ ಮತ್ತೆ ಕೂಗುತ್ತಿವೆ. ಮೊದಲು ಅದು ನನಗೆ ಬರೀ ಲೆಕ್ಕದ ದಿನ ಅನ್ನಿಸಿತ್ತು, ನಿಜವಾಗಿ ಬಾರದ ದಿನ. ಈಗ ಕಿಟಕಿಯಾಚೆ ಕಪ್ಪಾದ ಆಕಾಶ ನೋಡಿ ಮತ್ತೆ ಓದಿದೆ.

"ಗಾಳಿ ಬಂದ್ರೆ ಎಲ್ಲ ಮರಾನೂ ಅಲ್ಲಾಡುತ್ತೆ," ಅಂದೆ.

"ಅಲ್ಲವಾ ಮತ್ತೆ?"

ನಾನು ಬರೆದದ್ದು ಸಿ ಭಾಷೆಯಲ್ಲಾಗಿದ್ದರೆ ಅದು ಬಾಯಿ ಮುಚ್ಚಿಕೊಂಡು ಒಪ್ಪುತ್ತಿತ್ತು. ಆಫೀಸಿನ ಮೇಜಿನ ಮೇಲೆ ಎರಡು ಡಬ್ಬಿಗಳನ್ನಿಟ್ಟು ನೋಡಿದರೆ ಸೊಗಸಾಗಿ ಕೆಲಸ ಮಾಡುತ್ತಿತ್ತು. ಯಾವ ದಿನಕ್ಕಾಗಿ ಬರೆದೆವೋ ಆ ದಿನ ಮಾತ್ರ ಎಲ್ಲ ಮರಗಳೂ ಒಂದೇ ಸಲ ಕಿರುಚಿ, ಯಾರ ಮಾತೂ ಯಾರಿಗೂ ಕೇಳದೆ ಹೋಗುತ್ತಿತ್ತು.

ಮೇಡಂ ಎದ್ದು ಕಿಟಕಿಯ ಹತ್ತಿರ ಹೋದರು. ಎದುರಿನ ಹೊಂಗೆ ಆಗಲೇ ಸಣ್ಣಗೆ ತೂಗಲು ಶುರುಮಾಡಿತ್ತು. ಅದನ್ನೇ ನೋಡುತ್ತಾ ನಿಂತರು.

"ನೋಡು, ಅಲ್ಲಾಡೋದು ಕಾಯಿಲೆ ಅಲ್ಲ," ಅಂದರು ಕೊನೆಗೆ. "ಅಲ್ಲಾಡಿದ ಮೇಲೆ ವಾಪಸ್ ಬರದೇ ಇರೋದು ಕಾಯಿಲೆ."

ನಾನು ಕುರ್ಚಿ ಮುಂದಕ್ಕೆ ಎಳೆದುಕೊಂಡೆ. ಆ ಮಾತು ಬಂದ ಮೇಲೆ ಪ್ರೋಗ್ರಾಂ ಬರೆಯುವುದು ಕಷ್ಟವಾಗಲಿಲ್ಲ. ಗಾಳಿಯಲ್ಲಿ ಡಬ್ಬಿ ಎದ್ದು ಅಳೆಯಲಿ, ಮಾತಾಡದಿರಲಿ. ಮರ ತೂಗಿ ತನ್ನ ಜಾಗಕ್ಕೆ ಬಂದರೆ ಮತ್ತೆ ಮಲಗಲಿ. ಬರದಿದ್ದರೆ ಮಾತ್ರ ಹೇಳಲಿ. ಪಕ್ಕದ ಮರ ಉತ್ತರ ಕೊಡದಿದ್ದರೆ ಅಲ್ಲೇ ಕಾಯದೆ ಇನ್ನೊಂದು ಮರವನ್ನು ಕೇಳಲಿ. ಒತ್ತಿದೆ. ಈ ಸಲ ಕಂಪೈಲರು ಏನೂ ಅನ್ನಲಿಲ್ಲ. ಅದು ಏನೂ ಅನ್ನದಿದ್ದಾಗ ಆಗುವ ನೆಮ್ಮದಿ ಇದೆಯಲ್ಲ, ಅದನ್ನು ನಾನು ಅದಕ್ಕೆ ಮುಂಚೆ ಯಾವ ಭಾಷೆಯಲ್ಲೂ ಕಂಡಿರಲಿಲ್ಲ.

ಮೇಡಂ ಇಡೀ ಪ್ರೋಗ್ರಾಮನ್ನು ಗಟ್ಟಿಯಾಗಿ ಓದಿದರು. ಕೊನೆಯ ಸಾಲಿಗೆ ಬಂದಾಗ, "ಆಹಾ," ಅಂದರು. ಕಳಿಸಿದೆವು. ಒಂದೊಂದೇ ಮರ ಬಂತು ಬಂತು ಅಂತ ಒಪ್ಪಿಕೊಳ್ಳುತ್ತಾ ಹೋಯಿತು.

ಸಂಜೆ ಐದರ ಹೊತ್ತಿಗೆ ಮಳೆ ಬಂತು. ಬಂತು ಅನ್ನುವುದಕ್ಕಿಂತ ಬಿತ್ತು. ಆಲಿಕಲ್ಲು, ಗಾಳಿ, ಕರೆಂಟು ಹೋಯಿತು. ಕೆಳಗಿನ ಅಂಗಡಿಯವರು ಶಟರ್ ಎಳೆದ ಸದ್ದು ಕೇಳಿಸಿತು. ನಮ್ಮ ಲ್ಯಾಪ್‌ಟಾಪು ತನ್ನ ಬ್ಯಾಟರಿಯಲ್ಲೇ ಓಡುತ್ತಿತ್ತು. ತೆರೆಯ ಮೇಲೆ ಏನೂ ಇಲ್ಲ. ಹೊರಗೆ ಊರೇ ಅಲ್ಲಾಡುತ್ತಿದ್ದರೂ ಒಂದು ಮರವೂ ಮಾತಾಡಲಿಲ್ಲ.

"ಎಲ್ಲ ಸತ್ತು ಹೋದ್ವಾ ಮೇಡಂ?"

"ಇರು," ಅಂದರು.

ಆಗ ಒಂದು ಸಾಲು ಬಂತು. ಆ ಮಳೆಮರ. ತೂಗಿತ್ತು, ತನ್ನ ಜಾಗಕ್ಕೆ ವಾಪಸ್ ಬಂದಿರಲಿಲ್ಲ. ವ್ಯತ್ಯಾಸ ಕಣ್ಣಿಗೆ ಕಾಣದಷ್ಟು ಸಣ್ಣದು. ಸುದ್ದಿ ಬಂದ ದಾರಿಯೂ ವಿಚಿತ್ರ. ಪಕ್ಕದ ಗುಲ್‌ಮೊಹರ್ ಉತ್ತರ ಕೊಟ್ಟಿರಲಿಲ್ಲ. ಅದರ ಕೊಂಬೆ ಮುರಿದು ಡಬ್ಬಿ ಸಮೇತ ಚರಂಡಿಗೆ ಬಿದ್ದಿತ್ತು ಅಂತ ಆಮೇಲೆ ಗೊತ್ತಾಯಿತು. ಹಾಗಾಗಿ ಸುದ್ದಿ ಹಿಂದಿನ ರಸ್ತೆಯ ಹೊಂಗೆಯೊಂದನ್ನು ಹುಡುಕಿಕೊಂಡು, ಸುತ್ತುಹಾಕಿ ಬಂದಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು ಸಾಲು. ಅದೇ ಮರ, ಇನ್ನೊಂದಿಷ್ಟು.

ಮೇಡಂ ಆಗಲೇ ಶೂ ಲೇಸು ಕಟ್ಟುತ್ತಿದ್ದರು.

ನಾವು ಹೋದಾಗ ಮಳೆ ಸ್ವಲ್ಪ ಸಣ್ಣಗಾಗಿತ್ತು. ರಸ್ತೆಯಲ್ಲಿ ಕಣಕಾಲಿನ ತನಕ ನೀರು. ಇಸ್ತ್ರಿಯವರು ಗಾಡಿಗೆ ಟಾರ್ಪಾಲು ಹೊದಿಸಿ, ಒಗೆದ ಬಟ್ಟೆಗಳ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಮರದ ಬುಡಕ್ಕೆ ಒರಗಿ ಕೂತಿದ್ದರು. ಮೂರು ಆಟೊಗಳು ಅಲ್ಲೇ ನಿಂತಿದ್ದವು.

"ಅಮ್ಮಾ, ಇಲ್ಲಿಂದ ಎದ್ದುಬಿಡಿ. ಈ ಮರ ಬೀಳಬಹುದು," ಅಂದರು ಮೇಡಂ.

ಇಸ್ತ್ರಿಯವರು ಮರವನ್ನು ನೋಡಿದರು, ಮೇಡಂ ಕಡೆ ನೋಡಿದರು. "ನಾನು ಮದುವೆಯಾಗಿ ಬಂದಾಗ್ನಿಂದ ಇದರ ಕೆಳಗೇ ಇದೀನಿ ಮೇಡಂ. ಇದಕ್ಕಿಂತ ದೊಡ್ಡ ಗಾಳಿ ನೋಡಿದೆ ಇದು."

"ಆಗ ಬೇರು ಇತ್ತು."

ಎದುರುಮನೆಯವರು ಗೇಟಿನ ಹತ್ತಿರ ಛತ್ರಿ ಹಿಡಿದು ಬಂದರು. ಅವರ ಕಾರೂ ಮರದ ಕೆಳಗೇ ಇತ್ತು. "ಯಾರು ನೀವು? ಯಾವ ಇಲಾಖೆಯಿಂದ?"

"ಇಲಾಖೆ ಅಲ್ಲ. ಗ್ರಂಥಿಗೆ ಅಂಗಡಿ ಮೇಲಿನೋರು," ಅಂದರು ಮೇಡಂ.

ಆಟೊದವರೊಬ್ಬರು ನಕ್ಕರು. "ಶಾಸ್ತ್ರ ಹೇಳ್ತೀರಾ ಮೇಡಂ?"

ಮೇಡಂ ನಗಲೂ ಇಲ್ಲ, ಬೇಜಾರು ಮಾಡಿಕೊಳ್ಳಲೂ ಇಲ್ಲ. ಡಬ್ಬಿಯನ್ನು ತೋರಿಸಿ, ಅದು ಏನು ಅಳೆಯುತ್ತದೆ, ಈಗ ಏನು ಹೇಳಿದೆ ಎಂದು ಎರಡೇ ಮಾತಿನಲ್ಲಿ ಹೇಳಿದರು. ಆಮೇಲೆ ಇಸ್ತ್ರಿಯವರ ಕಡೆ ತಿರುಗಿದರು. "ಬಿದ್ದೇ ಬೀಳುತ್ತೆ ಅಂತ ನಾನು ಹೇಳ್ತಿಲ್ಲ. ಬೀಳದೇ ಇದ್ರೆ ನಾಳೆ ನನ್ನನ್ನ ಬೈರಿ. ನಾನೇ ಗಾಡಿ ತಳ್ಳಿಕೊಡ್ತೀನಿ."

ಅಂದವರೇ ಗಾಡಿಗೆ ಕೈ ಹಾಕಿದರು. ಸೀರೆಯ ನೆರಿಗೆ ಕೊಚ್ಚೆ ನೀರಿನಲ್ಲಿ ತೇಲುತ್ತಿತ್ತು. ಅದನ್ನು ನೋಡಲಾರದೆಯೋ ಏನೋ, ನಕ್ಕಿದ್ದ ಆಟೊದವರೇ ಮೊದಲು ಬಂದು ಇನ್ನೊಂದು ಕಡೆ ಹಿಡಿದರು. ಗಾಡಿ ಹೋಯಿತು, ಆಟೊಗಳು ಹೋದವು. ಎದುರುಮನೆಯವರು ಗೊಣಗುತ್ತಲೇ ಕಾರು ತೆಗೆದರು. ಸಂಘದವರು ಬಂದು ರಸ್ತೆಯ ಎರಡೂ ಕಡೆ ಹಗ್ಗ ಕಟ್ಟಿದರು. ಮರ ಕಡಿಯುವ ತಂಡಕ್ಕೆ ಫೋನು ಹೋಯಿತು. ಊರಿನ ತುಂಬ ಬಿದ್ದ ಮರಗಳೇ, ನಿಂತಿರುವ ಮರಕ್ಕೆ ಬೆಳಿಗ್ಗೆ ಬರ್ತೀವಿ ಅಂದರು.

ಮಳೆ ನಿಂತಿತು. ಮರ ನಿಂತೇ ಇತ್ತು. ಜನ ಒಬ್ಬರ ಮುಖ ಒಬ್ಬರು ನೋಡಿ ನಕ್ಕು ಮನೆಗೆ ಹೋದರು. ಮೆಟ್ರೊದಲ್ಲಿ ಮನೆಗೆ ಹೋಗುತ್ತಾ ನನಗೆ ಮುಖ ಸುಟ್ಟ ಹಾಗಾಗುತ್ತಿತ್ತು.

ಬೆಳಿಗ್ಗೆ ಬೇಗ ಬಂದೆ. ತೊಳೆದಿಟ್ಟ ಹಾಗೆ ಆಕಾಶ, ಎಳೆ ಬಿಸಿಲು, ಒಂದೆಲೆಯೂ ಅಲುಗುತ್ತಿಲ್ಲ. ಹಗ್ಗವನ್ನು ಯಾರೋ ಅರ್ಧ ಬಿಚ್ಚಿದ್ದರು. ಇಸ್ತ್ರಿಯವರು ಗಾಡಿಯನ್ನು ವಾಪಸ್ ತರುತ್ತಿದ್ದರು. ಅವರ ಎದುರಿಗೆ, ರಸ್ತೆಯ ನಡುವೆ, ಮೇಡಂ ನಿಂತಿದ್ದರು.

"ಬಿಡಿ ಮೇಡಂ, ಬಟ್ಟೆ ಕೊಡೋ ಟೈಮು. ಗಾಳೀನೇ ಇಲ್ವಲ್ಲ ಈಗ."

"ಬೆಳಗಿನಿಂದ ಎರಡು ಸಲ ಹೇಳಿದೆ ಡಬ್ಬಿ. ಮಣ್ಣು ನೀರು ಕುಡಿದು ಮೆತ್ತಗಾಗಿದೆ. ದಯವಿಟ್ಟು ಇವತ್ತೊಂದು ದಿನ."

"ದಿನಾ ಹೀಗೇ ಅಂದ್ರೆ ನಾನು ಎಲ್ಲಿಗೆ ಹೋಗ್ಲಿ?"

ಮೇಡಂ ಉತ್ತರ ಕೊಡುವ ಮೊದಲೇ ನೆಲದೊಳಗಿನಿಂದ ಒಂದು ಸದ್ದು ಬಂತು. ಗೋಣಿಚೀಲ ಹರಿದ ಹಾಗೆ, ಉದ್ದಕ್ಕೆ. ಹೊಸ ಕಾಂಕ್ರೀಟು ರೊಟ್ಟಿಯ ಹಾಗೆ ಎದ್ದಿತು. ಮರ ಆತುರವೇ ಇಲ್ಲದವರ ಹಾಗೆ ನಿಧಾನವಾಗಿ ರಸ್ತೆಯ ಕಡೆ ಬಾಗುತ್ತಾ ಬಂದು, ಕೊನೆಗೆ ಒಮ್ಮೆಲೇ ಬಿತ್ತು. ಕಾಂಪೌಂಡು ಗೋಡೆ ಕುಸಿಯಿತು, ವಿದ್ಯುತ್ ಕಂಬ ಬಗ್ಗಿತು. ಗಾಡಿ ನಿಲ್ಲುತ್ತಿದ್ದ ಜಾಗದ ಮೇಲೆ, ಆಟೊಗಳ ಜಾಗದ ಮೇಲೆ, ಕಾರಿನ ಜಾಗದ ಮೇಲೆ ಹಸಿರು ತುಂಬಿಕೊಂಡಿತು. ಆಮೇಲೆ ಎಲೆಗಳ ಸದ್ದು ನಿಂತು, ಗಿಳಿಗಳ ಕೂಗಾಟ ಮಾತ್ರ ಉಳಿಯಿತು. ಯಾರಿಗೂ ಏನೂ ಆಗಿರಲಿಲ್ಲ.

ಬದುಕಿದೆವು ಅಂತ ಇಸ್ತ್ರಿಯವರು ಕೈ ಮುಗಿಯುತ್ತಾರೆ ಅಂದುಕೊಂಡಿದ್ದೆ. ಅವರು ಫುಟ್‌ಪಾತಿನ ಮೇಲೆ ಕುಸಿದು ಕೂತು ಅತ್ತರು. "ಹೋಯ್ತಲ್ಲ ನನ್ನ ಮರ, ಹೋಯ್ತಲ್ಲ," ಅಂತ. ಮೇಡಂ ಅವರ ಪಕ್ಕದಲ್ಲಿ ಒದ್ದೆ ಕಲ್ಲಿನ ಮೇಲೆ ಕೂತರು. ಬಹಳ ಹೊತ್ತು ಕೂತಿದ್ದರು. ಎದುರುಮನೆಯವರು ಒಳಗಿನಿಂದ ಇಬ್ಬರಿಗೂ ನೀರು ತಂದುಕೊಟ್ಟರು.

ಆ ದಿನದ ನಂತರ ಭಾಷೆಯ ಬಗ್ಗೆ ನನ್ನ ಜಗಳ ನಿಂತಿತು. ಸಿ ಭಾಷೆ ಕೆಟ್ಟದ್ದು ಅಂತಲ್ಲ. ಇಂದಿಗೂ ಪ್ರಪಂಚದ ಸಣ್ಣ ಯಂತ್ರಗಳೆಲ್ಲ ಹೆಚ್ಚಾಗಿ ಅದರ ಮೇಲೇ ನಡೆಯುತ್ತವೆ, ಅದನ್ನು ಎಚ್ಚರದಿಂದ ಬರೆಯುವ ಜಾಣರೂ ಇದ್ದಾರೆ. ಆದರೆ ನಾನು ಅವಸರದಲ್ಲಿದ್ದ ಮಧ್ಯಾಹ್ನ ನನ್ನ ಬದಲು ಎಚ್ಚರವಾಗಿದ್ದದ್ದು ಆ ಭಾಷೆ. ಒಬ್ಬರ ತಾಳ್ಮೆಯನ್ನು ಹೀಗೆ ಇನ್ನೊಬ್ಬರ ಕೈಗೆ ಕೊಡಬಹುದು ಎಂದು ನನಗೆ ಗೊತ್ತಿರಲಿಲ್ಲ. ಮೇಡಂಗೆ ಇದನ್ನು ಹೇಳಿದೆ. "ಅಷ್ಟೆಲ್ಲ ಇಲ್ಲ, ನಾನು ಮನೇಲಿ ತಾಳ್ಮೆ ಇಲ್ಲದೋಳು," ಅಂದರು. ಆದರೆ ಆ ವಾರವೇ ಭಾಷೆಯನ್ನೂ ಕಂಪೈಲರನ್ನೂ ಯಾರು ಬೇಕಾದರೂ ತೆಗೆದುಕೊಳ್ಳುವ ಹಾಗೆ ಇಂಟರ್ನೆಟ್ಟಿನಲ್ಲಿ ಹಾಕಿದರು. ಭಾಷೆ ಗೊತ್ತಿರುವವರು ಒಂದು ರೂಮಿನಲ್ಲೇ ಇರಬಾರದು ಅಂತ. ಅದನ್ನು ಕಲಿಸುವ ಪಾಠಗಳನ್ನು ನನ್ನಿಂದ ಬರೆಸಿದರು. ಈಗ ಕೊಯಮತ್ತೂರಿನಿಂದ ಒಬ್ಬರು, ನಾಸಿಕದಿಂದ ಇಬ್ಬರು ಬರೆಯುತ್ತಿರುತ್ತಾರೆ. ನಾಸಿಕದವರು ದ್ರಾಕ್ಷಿ ತೋಟದ ಮಣ್ಣಿನ ಹಸಿ ಅಳೆಯುತ್ತಾರೆ, ಬೈಗುಳಗಳನ್ನು ಮರಾಠಿಗೆ ಮಾಡಿಕೊಂಡಿದ್ದಾರೆ.

ಮರದ ಸುದ್ದಿ ಹರಡಿ, ಬೇರೆ ರಸ್ತೆಗಳಿಗೂ ಡಬ್ಬಿ ಬೇಕು ಅಂತ ಒಂದು ಸಭೆ ಕರೆದರು. ಮೆಚ್ಚುಗೆಯ ಮಾತುಗಳಾದವು, ಶಾಲು ಹೊದಿಸಿದರು. ಮೇಡಂ ಶಾಲನ್ನು ಮಡಿಸಿ ಮೇಜಿನ ಮೇಲಿಟ್ಟು ಮೈಕು ಹಿಡಿದರು.

"ಡಬ್ಬಿ ಕೊಡ್ತೀನಿ. ಎಷ್ಟು ಬೇಕಾದ್ರೂ ಮಾಡೋಣ. ಆದರೆ ಮರ ಬೀಳುತ್ತೆ ಅಂತ ಹೇಳೋದು ದೊಡ್ಡ ವಿದ್ಯೆ ಅಲ್ಲ. ಬೇರು ಕಡಿಯೋದು ನಿಲ್ಲಿಸಿ. ಬುಡದ ಸುತ್ತ ಒಂದು ಮಾರು ಮಣ್ಣು ಬಿಡಿ. ಅದಕ್ಕೆ ಯಾವ ಕಂಪ್ಯೂಟರೂ ಬೇಡ."

ಸಭೆಯಲ್ಲಿ ಯಾರೂ ಎದುರಾಡಲಿಲ್ಲ, ಯಾರೂ ಒಪ್ಪಿಕೊಳ್ಳಲೂ ಇಲ್ಲ. ಮರುದಿನದಿಂದ ಮೇಡಂ ಬೆಳಗಿನ ವಾಕಿಂಗಿನ ದಾರಿ ಬದಲಿಸಿದರು. ಕಾಂಕ್ರೀಟು ಎಲ್ಲಿ ಬೀಳುತ್ತಿದೆಯೋ ಅಲ್ಲಿಗೇ ಹೋಗಿ, ಕೆಲಸದವರ ಮೇಸ್ತ್ರಿ ಬರುವವರೆಗೆ ಮರದ ಪಕ್ಕದಲ್ಲಿ ನಿಂತು ಮಾತಾಡಿ ಬರುತ್ತಿದ್ದರು. ಮುಂದಿನ ಕ್ರಾಸಿನಲ್ಲಿ ಕಾಂಕ್ರೀಟು ಮರದ ಬುಡದಿಂದ ಒಂದು ಮಾರು ಈಚೆಗೇ ನಿಂತಿತು. ಅದರ ಮುಂದಿನ ಕ್ರಾಸಿನಲ್ಲಿ ನಿಲ್ಲಲಿಲ್ಲ. ಅಲ್ಲಿಗೆ ಮೇಡಂ ಮತ್ತೆ ಹೋದರು. ಆ ಸಲ ಅವರ ಜೊತೆ ಎದುರುಮನೆಯವರೂ ಛತ್ರಿ ಹಿಡಿದು ಹೋದರು.